ಬೆಂಕಿ ನಂದಿಸುವವರ ಹಕ್ಕು ನಮಗೇಕೆ?

(ವೇದಿಕೆಯ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಅಗ್ನಿಶಾಮಕ ಸಿಬ್ಬಂದಿ, ಪೊಲೀಸರು, ಸರ್ಕಾರಿ ಶಾಲೆಯ ಮೇಷ್ಟ್ರುಗಳು, ಇವರ ಹಕ್ಕುಗಳನ್ನು ಒಂದು ರಾಜ್ಯ ಕಾನೂನು ಮಾಡಿ ಮೊಟಕು ಮಾಡಿದರೆ ನಮಗೇನು? "ನಾವು ಬಂದಿರೋದು ದುಡಿಯೋಕೆ, ಇಲ್ಲಿನ ರಾಜಕೀಯ ಇಲ್ಲಿನವರಿಗೆ" ಅಂತ ನಮ್ಮಲ್ಲಿ ಬಹಳ ಜನ ಹೇಳ್ತಾರೆ. ನಾವು ಬದುಕ್ತಿರೋ ಈ ಒಹಾಯೊದಲ್ಲೇ 2011ರಲ್ಲಿ ನಡೆದ ಒಂದು ಸಂಗತಿ ಹೇಳ್ತೀನಿ. ಆಮೇಲೆ ನೀವೇ ತೀರ್ಮಾನ ಮಾಡಿ.

ಮೊದಲು ಒಂದು ಹಿನ್ನೆಲೆ. ಅಮೆರಿಕದಲ್ಲಿ ಖಾಸಗಿ ಕಂಪನಿ ನೌಕರರು ಸಂಘ ಕಟ್ಟುವ ಹಕ್ಕಿಗೆ 1935ರ ಕೇಂದ್ರ ಕಾನೂನಿನ ರಕ್ಷಣೆ ಇದೆ. ಆದರೆ ರಾಜ್ಯ, ನಗರ, ಶಾಲಾ ಜಿಲ್ಲೆಗಳ ನೌಕರರು ಆ ಕಾನೂನಿನ ಹೊರಗೆ. ಅವರ ಹಕ್ಕು ಏನಿದ್ದರೂ ಆಯಾ ರಾಜ್ಯದ ಶಾಸನಸಭೆ ಕೊಟ್ಟಿದ್ದು. ಒಹಾಯೊ ಅದನ್ನು ಕೊಟ್ಟಿದ್ದು 1983ರಲ್ಲಿ. ಒಬ್ಬೊಬ್ಬರೇ ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲೋ ಬದಲು, ಎಲ್ಲರ ಪರವಾಗಿ ಸಂಘ ಮೇಜಿನ ಎದುರು ಕೂತು ಒಪ್ಪಂದ ಮಾಡಿಕೊಳ್ಳೋದು. ಇದಕ್ಕೇ ಸಾಮೂಹಿಕ ಚೌಕಾಸಿ ಅನ್ನೋದು. ರಾಜ್ಯ ಕೊಟ್ಟಿದ್ದನ್ನು ರಾಜ್ಯವೇ ವಾಪಸ್ ತಗೋಬಹುದು, ಅಲ್ಲೇ ಇರೋದು ತೊಡಕು.

2011ರ ಮಾರ್ಚ್‌ನಲ್ಲಿ ಸೆನೆಟ್ ಬಿಲ್ 5 ಬಂತು. ಸೆನೆಟ್‌ನಲ್ಲಿ 17ಕ್ಕೆ 16, ಒಂದೇ ಮತದ ಅಂತರ. ಮಾರ್ಚ್ 31ಕ್ಕೆ ಗವರ್ನರ್ ಜಾನ್ ಕೇಸಿಕ್ ಸಹಿ ಹಾಕಿದರು. ಸುಮಾರು ಮೂರೂವರೆ ಲಕ್ಷ ನೌಕರರಿಗೆ ಅನ್ವಯ. ಸರ್ಕಾರದ ವಾದವೂ ಸುಳ್ಳೇನಲ್ಲ. ಬಜೆಟ್‌ನಲ್ಲಿ ದೊಡ್ಡ ಕೊರತೆ ಇತ್ತು. ಆರ್ಥಿಕ ಹಿಂಜರಿತದಲ್ಲಿ ಖಾಸಗಿ ನೌಕರರು ಕೆಲಸ ಕಳಕೊಂಡಿದ್ದರು, ವಿಮೆಗೆ ಕೈಯಿಂದ ಹೆಚ್ಚು ಕಟ್ತಿದ್ದರು. ಸರ್ಕಾರಿ ನೌಕರರೂ ವಿಮೆಯ ಖರ್ಚಿನಲ್ಲಿ ಕನಿಷ್ಠ 15 ಶೇಕಡಾ ಹೊರಲಿ ಅನ್ನೋದು ಬಿಲ್ಲಿನ ಒಂದು ಅಂಶ. ಇಷ್ಟೇ ಆಗಿದ್ದರೆ ಜನ ಒಪ್ಪುತ್ತಿದ್ದರೋ ಏನೋ.

ಆದರೆ ಉಳಿದದ್ದು ನೋಡಿ. ಒಂದು ಪಾಳಿಯಲ್ಲಿ ಎಷ್ಟು ಜನ ಅಗ್ನಿಶಾಮಕರು ಇರಬೇಕು ಅನ್ನೋದನ್ನು ಸಂಘ ಮಾತಾಡೋ ಹಾಗಿಲ್ಲ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು ಅಂತ ಶಿಕ್ಷಕರು ಒಪ್ಪಂದ ಮಾಡಿಕೊಳ್ಳೋ ಹಾಗಿಲ್ಲ. ಯಾರೂ ಮುಷ್ಕರ ಮಾಡೋ ಹಾಗಿಲ್ಲ. ಪೊಲೀಸರಿಗೆ, ಅಗ್ನಿಶಾಮಕರಿಗೆ ಮೊದಲೂ ಮುಷ್ಕರದ ಹಕ್ಕು ಇರಲಿಲ್ಲ. ಅದರ ಬದಲಿಗೆ, ಮಾತುಕತೆ ಮುರಿದರೆ ತಟಸ್ಥ ಮಧ್ಯಸ್ಥರೊಬ್ಬರು ತೀರ್ಪು ಕೊಡ್ತಿದ್ದರು. ಹೊಸ ಕಾನೂನು ಅದನ್ನೂ ತೆಗೆದುಹಾಕಿತು. ಕೊನೆಯ ಮಾತು ನಗರಸಭೆಯಂಥ ಆಡಳಿತ ಮಂಡಳಿಯದೇ. ಅಂದರೆ ಜಗಳದ ಒಂದು ಪಕ್ಷವೇ ನ್ಯಾಯಾಧೀಶ!

ಒಹಾಯೊ ಸಂವಿಧಾನದಲ್ಲಿ ಜನರಿಗೆ ಒಂದು ದಾರಿ ಇದೆ. ಸಾಕಷ್ಟು ಸಹಿ ಸಂಗ್ರಹಿಸಿದರೆ ಶಾಸನಸಭೆಯ ಕಾನೂನನ್ನು ಜನಮತಕ್ಕೆ ಹಾಕಬಹುದು. ಬೇಕಾಗಿದ್ದು 2,31,147 ಸಹಿ. ಬಂದಿದ್ದು ಸುಮಾರು 13 ಲಕ್ಷ. ಪರಿಶೀಲನೆಯಲ್ಲಿ 9 ಲಕ್ಷಕ್ಕೂ ಹೆಚ್ಚು ಸಿಂಧುವಾದವು. ನವೆಂಬರ್ 8ರಂದು ಮತದಾನ. ನೂರಕ್ಕೆ 61 ಜನ ಕಾನೂನು ಬೇಡ ಅಂದರು. ಅದು ಜಾರಿಗೇ ಬರಲಿಲ್ಲ.

ಇದು ಒಂದು ಪಕ್ಷದ ಗೆಲುವು ಅಂದುಕೋಬೇಡಿ. ಅದೇ ದಿನ, ಅದೇ ಮತಪತ್ರದಲ್ಲಿ, ಒಬಾಮಾ ಅವರ ಕಡ್ಡಾಯ ಆರೋಗ್ಯ ವಿಮೆಯ ವಿರುದ್ಧದ ಪ್ರಸ್ತಾಪಕ್ಕೂ ಒಹಾಯೊ ಜನ ಭಾರಿ ಬಹುಮತ ಕೊಟ್ಟರು. ಅಂದರೆ ಒಬಾಮಾ ನೀತಿಯನ್ನು ವಿರೋಧಿಸಿದ ಎಷ್ಟೋ ಜನ, ಬೆಂಕಿ ನಂದಿಸುವವರ ಪರವಾಗಿಯೂ ನಿಂತರು.

ಅದೇ ವರ್ಷ ವಿಸ್ಕಾನ್ಸಿನ್‌ನಲ್ಲಿ ಬೇರೆ ಆಯ್ತು. ಸರ್ಕಾರಿ ನೌಕರರಿಗೆ ಚೌಕಾಸಿಯ ಹಕ್ಕನ್ನು 1959ರಲ್ಲೇ, ದೇಶದಲ್ಲಿ ಮೊದಲು ಕೊಟ್ಟ ರಾಜ್ಯ ಅದು. ಅಲ್ಲಿನ ಆಕ್ಟ್ 10, ಪೊಲೀಸರನ್ನು, ಅಗ್ನಿಶಾಮಕರನ್ನು ಬಿಟ್ಟು ಶಿಕ್ಷಕರಂಥ ಉಳಿದವರ ಮೇಲೆ ಬಿತ್ತು. 14 ಸೆನೆಟರ್‌ಗಳು ಕೋರಂ ತಪ್ಪಿಸೋಕೆ ಇಲಿನಾಯ್‌ಗೆ ಹೋಗಿ ಕೂತರೂ ಕಾನೂನು ಪಾಸಾಯ್ತು. ಕಾನೂನನ್ನು ಜನಮತಕ್ಕೆ ಹಾಕುವ ದಾರಿ ಅಲ್ಲಿ ಜನರಿಗೆ ಇರಲಿಲ್ಲ. ಗವರ್ನರನ್ನೇ ವಾಪಸ್ ಕರೆಸುವ ಚುನಾವಣೆ 2012ರಲ್ಲಿ ನಡೆದು, ಸ್ಕಾಟ್ ವಾಕರ್ ಗೆದ್ದರು. ವಿನಾಯಿತಿ ಸಿಕ್ಕಿದ್ದರೂ ಅಲ್ಲಿನ ಅಗ್ನಿಶಾಮಕರು ಹೆಲ್ಮೆಟ್ ಹಾಕಿಕೊಂಡು ಮ್ಯಾಡಿಸನ್‌ನ ಪ್ರತಿಭಟನೆಗೆ ಬಂದು ಮೇಷ್ಟ್ರುಗಳ ಜೊತೆ ನಿಂತರು. ಸೋತರೂ ಅದು ಸಣ್ಣ ಮಾತಲ್ಲ. ಕೆಲಸಗಾರರನ್ನು ಬೇರೆ ಬೇರೆ ಮಾಡಿದರೆ ಸೋಲಿಸೋದು ಸುಲಭ ಅಂತ ಅವರಿಗೆ ಗೊತ್ತಿತ್ತು.

ಈಗ ನಮ್ಮ ವಿಷಯ. ವೀಸಾ ಮೇಲೆ, ಗ್ರೀನ್ ಕಾರ್ಡ್ ಮೇಲೆ ಇರೋ ನಾವು ಈ ಸಹಿ ಹಾಕೋ ಹಾಗಿಲ್ಲ, ಮತ ಹಾಕೋ ಹಾಗಿಲ್ಲ. ಆದರೆ ತೆರಿಗೆ ಕಟ್ತೀವಿ. ನಮ್ಮ ಮಗು ಕೂತಿರೋದು ಅದೇ ತರಗತಿಯಲ್ಲಿ. ರಾತ್ರಿ ಎರಡಕ್ಕೆ 911 ಒತ್ತಿದರೆ ಬರೋದು ಅದೇ ಗಾಡಿ. ಅದರಲ್ಲಿ ಎಷ್ಟು ಜನ ಇರಬೇಕು ಅನ್ನೋ ಚೌಕಾಸಿ ಅವರ ಸಂಬಳದ ಮಾತು ಮಾತ್ರ ಅಲ್ಲ, ನಮ್ಮ ಪ್ರಾಣದ ಮಾತು.

"ನಮಗೇ ಇಲ್ಲದ ರಕ್ಷಣೆ ಅವರಿಗೇಕೆ?" ಅಂತ ಕೇಳೋರೂ ಇದ್ದಾರೆ. ಕೆಲಸ ಹೋದರೆ 60 ದಿನದಲ್ಲಿ ದೇಶ ಬಿಡಬೇಕಾದ ಭಯದಲ್ಲಿ ಇರೋರಿಗೆ ಹಾಗೆ ಅನ್ನಿಸೋದು ಸಹಜ. ಆದರೆ ಪಕ್ಕದ ಮನೆ ದೀಪ ಆರಿದರೆ ನಮ್ಮ ಮನೆ ಬೆಳಗೋದಿಲ್ಲ. ನಮಗೆ ಇಲ್ಲ ಅಂದರೆ ನಮಗೂ ಬೇಕು ಅಂತ ಕೇಳೋಣ, ಅವರದ್ದನ್ನೂ ಕಿತ್ತುಕೊಳ್ಳಿ ಅನ್ನೋದು ಬೇಡ.

ಇದು ಮುಗಿದ ಕಥೆಯೂ ಅಲ್ಲ. 2025ರಲ್ಲಿ ಇದೇ ಒಹಾಯೊ, ಸೆನೆಟ್ ಬಿಲ್ 1ರ ಮೂಲಕ ಸರ್ಕಾರಿ ವಿಶ್ವವಿದ್ಯಾಲಯಗಳ ಅಧ್ಯಾಪಕರ ಮುಷ್ಕರದ ಹಕ್ಕನ್ನು ತೆಗೆಯಿತು. ಈ ಸಲ ಜನಮತಕ್ಕೆ ಬೇಕಾದಷ್ಟು ಸಹಿ ಸೇರಲಿಲ್ಲ.

ಹಾಗಾದರೆ ನಾವು ಏನು ಮಾಡಬಹುದು? ಪೌರತ್ವ ಪಡೆದವರು ನವೆಂಬರ್‌ನಲ್ಲಿ ಮತಪತ್ರವನ್ನು ಕೊನೆಯ ಸಾಲಿನ ತನಕ ಓದಿ. ಉಳಿದವರು ಶಾಲಾ ಮಂಡಳಿಯ ಸಭೆಗೆ ವರ್ಷಕ್ಕೆ ಒಂದೆರಡು ಸಲ ಹೋಗಿ ಕೂತುಕೊಳ್ಳಿ. ಬಾಗಿಲಲ್ಲಿ ಯಾರೂ ಪಾಸ್‌ಪೋರ್ಟ್ ಕೇಳೋದಿಲ್ಲ. ಮಗುವಿನ ಮೇಷ್ಟ್ರನ್ನು ಮಾರ್ಕ್ಸ್ ಬಗ್ಗೆ ಮಾತ್ರ ಕೇಳಬೇಡಿ, "ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು, ನಿಮಗೆ ಏನು ಬೇಕು" ಅಂತಲೂ ಕೇಳಿ.