ಆಲದ ಮರದ ಕೆಳಗೂ ಒಂದು ಕನ್ನಡ ಶಾಲೆ

(ನಂದಗಡದಲ್ಲಿ ಕನ್ನಡ ತರುಣರೆದುರು ಆಡಿದ ಮಾತಿನ ಬರಹರೂಪ)

ಗೆಳೆಯರೇ,

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯಿಂದ ಬಂದಿದ್ದೀರಿ. ಬಂದವರೇ ಎಲ್ಲಿಗೆ ಹೋದಿರಿ? ರಾಯಣ್ಣನ ಸಮಾಧಿಗೆ. ಕೈಮುಗಿದಿರಿ, ಜೈಕಾರ ಹಾಕಿದಿರಿ, ಫೋಟೋ ತೆಗೆಸಿಕೊಂಡಿರಿ. ತಪ್ಪಿಲ್ಲ. 1831ರ ಜನವರಿ 26ರಂದು ಇದೇ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಸಮಾಧಿಯ ಮೇಲಿನ ಆಲವನ್ನು ಅವನ ಜೊತೆಗಾರ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂದು ಜನ ಇಂದಿಗೂ ಹೇಳುತ್ತಾರೆ.

ಒಂದು ಮಾತು ಕೇಳುತ್ತೇನೆ. ಆ ಮರದ ಸುತ್ತಳತೆ ಎಷ್ಟು? ನಿಮ್ಮಲ್ಲಿ ಯಾರಾದರೂ ಅಳೆದು ನೋಡಿದಿರಾ?

ಮೂರನೇ ತರಗತಿಯ ಹತ್ತು ಮಕ್ಕಳನ್ನು ಅಲ್ಲಿಗೆ ಬಿಟ್ಟು ನೋಡಿ. ಕೈಕೈ ಹಿಡಿದು ಕಾಂಡವನ್ನು ಸುತ್ತುವರಿಯುತ್ತಾರೆ. ಹಗ್ಗ ಸುತ್ತಿ, ಆ ಹಗ್ಗವನ್ನು ನೆಲಕ್ಕೆ ಹಾಸಿ ಗೇಣು ಹಾಕುತ್ತಾರೆ. ಈ ವರ್ಷದಿಂದ 1831ನ್ನು ಕಳೆದು ಮರದ ವಯಸ್ಸು ಹೇಳುತ್ತಾರೆ. ಉದುರಿದ ಎಲೆಯನ್ನು ಕಾಗದದ ಕೆಳಗಿಟ್ಟು ಸೀಸದಕಡ್ಡಿ ಉಜ್ಜಿ ನರಗಳನ್ನು ಮೂಡಿಸುತ್ತಾರೆ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ರಾಯಣ್ಣನ ಕಥೆ ತರುತ್ತಾರೆ. ಮರುದಿನ ನಾಲ್ಕು ಸಾಲು ಕನ್ನಡ ಬರೆಯುತ್ತಾರೆ. ಮರ ಒಂದೇ. ಅದರಲ್ಲಿ ಗಣಿತ, ಪರಿಸರ, ಇತಿಹಾಸ, ಚಿತ್ರ, ಭಾಷೆ ಐದೂ ಇವೆ!

ಆದರೆ ನಮ್ಮ ಮಕ್ಕಳು ಎಲ್ಲಿದ್ದಾರೆ? ವಸಂತ ಕಾಲಿಡುವಾಗ ಖಾನಾಪುರದ ಕಾಡಂಚಿನಲ್ಲಿ ಮುತ್ತುಗ ಕೆಂಡದಂತೆ ಅರಳುತ್ತದೆ, ಬೂರುಗ ಹೂ ಉದುರಿಸುತ್ತದೆ, ಮಾವಿನ ಹೀಚು ಕಟ್ಟುತ್ತದೆ. ಅದೇ ಹೊತ್ತಿಗೆ ಒಳಗೆ ಪರೀಕ್ಷೆಯ ಗಡಿಬಿಡಿ. ಮಾರ್ಚ್ ಮುಗಿಯುವುದರೊಳಗೆ ಪರೀಕ್ಷೆ, ಏಪ್ರಿಲ್‌ನಲ್ಲಿ ಫಲಿತಾಂಶ, ಆಮೇಲೆ ಬೇಸಿಗೆ ರಜೆ. ಮಗು "ವಸಂತ ಋತುವಿನಲ್ಲಿ ಗಿಡಮರಗಳು ಚಿಗುರುತ್ತವೆ" ಎಂದು ಬಾಯಿಪಾಠ ಮಾಡುತ್ತದೆ. ಕಿಟಕಿಯಾಚೆ ಚಿಗುರಿದ್ದನ್ನು ನೋಡಲು ಪುರಸೊತ್ತಿಲ್ಲ!

ಈ ತಾಲೂಕಿನಷ್ಟು ದೊಡ್ಡ ಪಾಠಶಾಲೆ ಬೇರೆಲ್ಲಿದೆ? ಮಲಪ್ರಭೆ ಹುಟ್ಟುವುದು ಇಲ್ಲಿನ ಕಣಕುಂಬಿಯಲ್ಲಿ. ಹಲಸಿ ಕದಂಬರ ಕಾಲದ ಪಲಾಸಿಕಾ. ಅಲ್ಲಿ ಭೂವರಾಹ ನರಸಿಂಹನ ಗುಡಿ ಇದೆ. 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡದ ಗುಹೆಗಳಲ್ಲಿ ಜಗತ್ತಿನಲ್ಲೇ ಅಪರೂಪದ ಬಾವಲಿಗಳಿವೆ. ಖಾನಾಪುರದ ಮಣ್ಣು ಮಡಕೆಗೂ ಹಂಚಿಗೂ ಹೆಸರಾದದ್ದು. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಅಲ್ಲಿದೆ. ಆ ಮಣ್ಣನ್ನು ಒಂದು ಮುಷ್ಟಿ ಮಗುವಿನ ಕೈಗೆ ಕೊಡಿ. ಎತ್ತು ಮಾಡುತ್ತದೆ, ಬಂಡಿ ಮಾಡುತ್ತದೆ, ತನ್ನ ಮನೆಯನ್ನೇ ಮಾಡುತ್ತದೆ.

ಇದು ಹೊಸ ಮಾತಲ್ಲ. 1901ರಲ್ಲಿ ಟ್ಯಾಗೋರರು ಶಾಂತಿನಿಕೇತನದಲ್ಲಿ ಮರದ ನೆರಳನ್ನೇ ತರಗತಿ ಮಾಡಿದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಆಡಿಸಿ, ಕುಣಿಸಿ, ಕಲಿಸಿದರು. 1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ 'ನಲಿ-ಕಲಿ' ಹುಟ್ಟಿ ನಾಡಿಗೆಲ್ಲ ಹಬ್ಬಿತು. ಮಗು ಚಟುವಟಿಕೆಯಿಂದ, ಹುಡುಕಾಟದಿಂದ ಕಲಿಯಬೇಕು, ಸಾಧ್ಯವಾದಷ್ಟು ತಾಯ್ನುಡಿಯಲ್ಲೇ ಕಲಿಯಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮೇ ಹೇಳುತ್ತದೆ.

"ಇದಕ್ಕೂ ಕನ್ನಡದ ಹೋರಾಟಕ್ಕೂ ಏನು ಸಂಬಂಧ?" ಎನ್ನುತ್ತೀರಾ? ಹೊರಗೆ ಬಂದ ಮಗು ಮೊದಲು ಕೇಳುವುದು "ಇದರ ಹೆಸರೇನು?" ಎಂದು. ಮುತ್ತುಗ, ಕವಳಿ, ನೇರಳೆ, ಮರಕುಟಿಗ. ಕಂಡ ವಸ್ತುವಿನ ಜೊತೆ ಬಂದ ಮಾತು ಸಾಯುವವರೆಗೂ ಮರೆಯುವುದಿಲ್ಲ. ನಾವು ನಗರದವರು ಆ ಮಾತುಗಳನ್ನು ಕಳೆದುಕೊಂಡು ಕೂತಿದ್ದೇವೆ. ನಮ್ಮ ಬೀದಿಯ ಐದು ಮರಗಳ ಹೆಸರನ್ನು ಕನ್ನಡದಲ್ಲಿ ಹೇಳಲಾರದವರು ಯಾವ ಬಾಯಿಂದ ಕನ್ನಡ ಉಳಿಸುತ್ತೇವೆ?

1982ರ ಗೋಕಾಕ್ ಚಳವಳಿ ಬೀದಿಗಿಳಿದು ಕನ್ನಡಕ್ಕೆ ಬಲ ತಂದಿತು. ಆದರೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಹಂತದಲ್ಲಿ ತಾಯ್ನುಡಿ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದಿತು. ಕಾನೂನಿನ ಬಾಗಿಲು ಮುಚ್ಚಿತು. ಉಳಿದದ್ದು ತಾಯಂದಿರ ಮನಸ್ಸಿನ ಬಾಗಿಲು. ಬೈದರೆ ಅದು ತೆರೆಯುವುದಿಲ್ಲ. ಮಗು ಸಂಜೆ ಓಡಿಬಂದು "ಅವ್ವಾ, ಇವತ್ತ ಶಾಲ್ಯಾಗ ಏನ್ ಮಾಡಿದ್ವಿ ಗೊತ್ತೇನು?" ಎಂದು ಕಣ್ಣರಳಿಸಿದರೆ ತಾನಾಗಿ ತೆರೆಯುತ್ತದೆ.

ಈ ಗಡಿಯಲ್ಲಿ ಕನ್ನಡದ ಮಕ್ಕಳೂ ಮರಾಠಿ ಮಕ್ಕಳೂ ಅಕ್ಕಪಕ್ಕದಲ್ಲೇ ಬೆಳೆಯುತ್ತಾರೆ. ಒಬ್ಬ 'ಮುತ್ತುಗ' ಎಂದರೆ ಇನ್ನೊಬ್ಬ 'ಪಳಸ' ಎನ್ನುತ್ತಾನೆ. ಇಬ್ಬರೂ ಎರಡೂ ಹೆಸರು ಕಲಿಯಲಿ. ಜಗಳ ದೊಡ್ಡವರದು, ಹೂವಿನದಲ್ಲ.

ಮಾಸ್ತರರನ್ನೂ ಅಕ್ಕೋರನ್ನೂ ದೂರಬೇಡಿ. ಒಬ್ಬರೇ ಎರಡು ಮೂರು ತರಗತಿ ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು. ಮಕ್ಕಳನ್ನು ಹೊರಗೆ ಕರೆದೊಯ್ಯಲು ಅವರಿಗೆ ಕೈ ಸಾಲದು. ಆ ಕೈ ನೀವಾಗಿ.

ಶನಿವಾರ ಬೆಳಗಿನ ಶಾಲೆ. ಇಲಾಖೆಯೇ 'ಸಂಭ್ರಮ ಶನಿವಾರ' ಎಂದು ಬ್ಯಾಗಿಲ್ಲದ ದಿನ ಗೊತ್ತುಮಾಡಿತು. ಮೊದಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯಿರಿ. ಗುರುಗಳು ಜೊತೆಗಿರಲಿ. ನೀರು ಒಯ್ಯಿರಿ, ಬಿಸಿಲೇರುವ ಮುಂಚೆ ಮಕ್ಕಳನ್ನು ನೆರಳಿಗೆ ಕರೆತನ್ನಿ. ಹಗ್ಗ, ಕಾಗದ, ಬಣ್ಣ, ಮಣ್ಣು ಇಷ್ಟು ಸಾಕು. ಬ್ಯಾನರ್ ಬೇಡ, ಭಾಷಣ ಬೇಡ, ಹಾರ ತುರಾಯಿ ಖಂಡಿತ ಬೇಡ. ಒಂದು ಸಲ ಬಂದು ಫೋಟೋ ತೆಗೆದು ಮಾಯವಾಗುವುದಾದರೆ ಬರಲೇಬೇಡಿ. ಮಕ್ಕಳು ಮುಂದಿನ ಶನಿವಾರ ದಾರಿ ಕಾಯುತ್ತಾರೆ. ದೂರದವರು ನಿಮ್ಮ ವಾರ್ಡಿನ ಕನ್ನಡ ಶಾಲೆಗೇ ಹೋಗಿ. ಅಲ್ಲೂ ಒಂದು ಬೇವಿನ ಮರ ಇದ್ದೇ ಇರುತ್ತದೆ.

ಗೆಳೆಯರೇ, ರಾಯಣ್ಣನ ಮಣ್ಣಿನ ಮೇಲೆ ನೆಟ್ಟ ಸಸಿ 190 ವರ್ಷ ದಾಟಿ ನಿಂತಿದೆ. ಜೈಕಾರದಿಂದ ಅದು ಬೆಳೆಯಲಿಲ್ಲ, ಬೇರಿನಿಂದ ಬೆಳೆಯಿತು. ಕನ್ನಡದ ಬೇರು ಒಂದನೇ ತರಗತಿಯಲ್ಲಿದೆ. ಮುಂದಿನ ಶನಿವಾರ ಯಾರು ಬರುತ್ತೀರಿ? ಕೈ ಎತ್ತಿ!

ಸಿರಿಗನ್ನಡಂ ಗೆಲ್ಗೆ!