ಗಾಳಿ ಯಾರ ಮನೆಗೆ?

(ಕೊಳೆಗೇರಿ ನಿವಾಸಿಗಳ ಸಭೆಯಲ್ಲಿ ಆಡಿದ ಮಾತು)



ಸರ್ಕಾರ ಮನೆ ಕೊಡ್ತದೆ ಅಂದಾಗ ನಾವು ಎಷ್ಟು ಮನೆ ಅಂತ ಕೇಳ್ತೀವಿ. ಎಂಥಾ ಮನೆ ಅಂತ ಕೇಳೋದಿಲ್ಲ. ಇವತ್ತು ಅದನ್ನು ಕೇಳೋಣ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿದರು. ಅಗಲ ರಸ್ತೆ, ಗಾಳಿ ಬೆಳಕು, ಗಿಡ ಮರ. ಆರೋಗ್ಯದ ಮನೆ ಅಂದರೇನು ಅಂತ ಆಳುವವರಿಗೆ ಆಗಲೇ ಗೊತ್ತಿತ್ತು. ಆ ಮನೆಗಳ ಹಿಂದೆ ಸಣ್ಣ ಓಣಿಯನ್ನೂ ಬಿಟ್ಟರು. ಕನ್ಸರ್ವೆನ್ಸಿ ಗಲ್ಲಿ. ಕಕ್ಕಸು ಬಳಿಯಲು ನಮ್ಮ ಜನ ಬರಬೇಕಾದ ದಾರಿ ಅದು. ಮುಂಬಾಗಿಲಿಗೆ ಗಾಳಿ, ಹಿಂಬಾಗಿಲಿಗೆ ನಾವು.

ಬಾಬಾಸಾಹೇಬರು ಮುಂಬಯಿಯ ಪರೇಲಿನ ಚಾಳಿನಲ್ಲಿ ವರ್ಷಗಟ್ಟಲೆ ಇದ್ದವರು. ಆಮೇಲೆ ದಾದರಿನಲ್ಲಿ ರಾಜಗೃಹ ಕಟ್ಟಿಸಿದಾಗ ಪುಸ್ತಕಗಳಿಗೆಂದೇ ಜಾಗ ಮಾಡಿಸಿದರು. ನಮ್ಮ ಮಕ್ಕಳಿಗೆ ಓದೋಕೆ ಒಂದು ಮೂಲೆ ಬೇಡವೇ?

ಈಗಿನ ಯೋಜನೆಯಲ್ಲಿ ಬಡವರ ಮನೆ ಅಂದರೆ 30 ಚದರ ಮೀಟರು, ಸುಮಾರು 320 ಚದರಡಿ. ಗಾಳಿ ಆಡಿದರೆ ಅದರಲ್ಲೂ ಬದುಕಬಹುದು. ಒಂದೇ ಗೋಡೆಗೆ ಕಿಟಕಿ ಇಟ್ಟರೆ ಬಂದ ಗಾಳಿ ಹೋಗೋದೆಲ್ಲಿಗೆ? ಎದುರು ಗೋಡೆಗೂ ಒಂದು ಬೇಕು. ಗಾಳಿಯಾಡದ ಕೋಣೆಯಲ್ಲಿ ಒಬ್ಬರ ಕ್ಷಯ ಮನೆಮಂದಿಗೆಲ್ಲ ಹಬ್ಬುತ್ತದೆ.

ದುಡ್ಡಿಲ್ಲ ಅಂತಾರೆ. ಲಾರಿ ಬೇಕರ್ ಕೇರಳದಲ್ಲಿ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ಇಟ್ಟಿಗೆ ಹತ್ತಿರ ಹತ್ತಿರ ಕಾಲುಭಾಗ ಉಳೀತದೆ, ಬಿಸಿಲ ಕಾವೂ ಬೇಗ ಒಳಕ್ಕೆ ಇಳಿಯೋಲ್ಲ. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ದವರು ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿದರು. ಸುಡೋಕೆ ಸೌದೆಯೂ ಬೇಡ. ಇದೆಲ್ಲ ಈಗ ಕಾಣೋದು ಹೆಚ್ಚಾಗಿ ಉಳ್ಳವರ ಮನೆಗಳಲ್ಲಿ. ಆ ಗೋಡೆ ಕಟ್ಟಿದ ಗಾರೆಯವನು ಮಲಗೋದು ತಗಡಿನ ಕೆಳಗೆ, ಏಪ್ರಿಲ್ಲಿನಲ್ಲಿ ಕಾದ ಹೆಂಚಿನಂಥ ತಗಡು.

ಊರಾಚೆಗೆ ಎಸೆದರೆ ಒಳ್ಳೆ ಮನೆಯೂ ಮನೆಯಲ್ಲ. 2013ರ ಜನವರಿಯಲ್ಲಿ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ದೂರದ ಊರಿಗೆ ಹೋದವರ ಕೂಲಿ ಏನಾಗಬೇಕು? ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ನಿಜ. ಆದರೆ ಬೆಳಕು ಹರಿಯೋಕೆ ಮುಂಚೆ ಪೊರಕೆ ಹಿಡೀಬೇಕಾದ ತಾಯಿ ಯಾವ ಬಸ್ಸು ಹತ್ತಬೇಕು?

ಮುಂದಿನ ವಾರ ಅಧಿಕಾರಿಗಳು ನಕ್ಷೆ ತರ್ತಾರಂತೆ. ಹೆಬ್ಬೆಟ್ಟು ಒತ್ತೋಕೆ ಮುಂಚೆ ಅದನ್ನು ನೆಲದ ಮೇಲೆ ಹಾಸಿಸಿ. ಹೆಂಗಸರು ಮುಂದೆ ಕೂತ್ಕೊಳ್ಳಿ. ಒಲೆ ಎಲ್ಲಿ, ಹೊಗೆ ಎಲ್ಲಿಂದ ಹೋಗ್ತದೆ, ಕಿಟಕಿ ಎಲ್ಲಿ, ಕಕ್ಕಸಿನ ನೀರು ಎಲ್ಲಿಗೆ ಹೋಗ್ತದೆ, ಬೆರಳಿಟ್ಟು ತೋರಿಸಲಿ.

ಜೈ ಭೀಮ್.