ಕಾಲೇಜಿನ ಮಕ್ಕಳೂ ಮೊಬೈಲಿನ ಬರಹವೂ
(ರೈತ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಅಡಿಕೆಗೆ ಮದ್ದು ಬಿಡುವ ವಿಚಾರವನ್ನು ಹಿಂದಿನ ಸಭೆಯಲ್ಲಿ ಹೇಳಿ ಮುಗಿಸಿದ್ದೇನೆ. ಇಂದಿನದು ತೋಟದ ಮಾತಲ್ಲ. ಆ ತೋಟದ ಆದಾಯದಿಂದ ಕಾಲೇಜು ಕಲಿಯುತ್ತಿರುವ ಮಕ್ಕಳ ಮಾತು. ಕೃಷಿ ಡಿಪ್ಲೊಮಾ ಓದಿದವನಿಗೆ ಇದರ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಮನೆಮನೆಗೆ ಹೋಗುವವನ ಕಿವಿಗೆ ಬೆಳೆಯ ಸುದ್ದಿಯ ಜೊತೆಗೆ ಮಕ್ಕಳ ಸುದ್ದಿಯೂ ಬೀಳುತ್ತದೆ. ಕೊಳೆರೋಗದ ಹಾಗೆಯೇ ಇದೂ ಬರುವುದಕ್ಕೆ ಮುಂಚೆ ತಡೆಯಬೇಕಾದದ್ದು, ಬಂದ ಮೇಲೆ ಔಷಧ ಕಡಿಮೆ.

ನಮ್ಮ ಬೆಳ್ತಂಗಡಿ ಕಡೆಯ ಮಕ್ಕಳು ಉಜಿರೆಗೆ ಹೋಗುತ್ತಾರೆ, ಬಂಟ್ವಾಳದವರು ಅಲ್ಲಿಯ ಕಾಲೇಜಿಗೋ ಮಂಗಳೂರಿಗೋ ಹೋಗುತ್ತಾರೆ, ಮೂಡುಬಿದಿರೆಯಂತೂ ವಿದ್ಯಾರ್ಥಿಗಳ ಊರೇ ಆಗಿದೆ. ಅಲ್ಲಿ ನಡೆಯುತ್ತ ಬಂದಿರುವ ಆಳ್ವಾಸ್ ಪ್ರಗತಿ ಉದ್ಯೋಗ ಮೇಳಕ್ಕೆ ಹಳ್ಳಿಯ ಮಕ್ಕಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಂಕಪಟ್ಟಿ ಹಿಡಿದು ಹೋಗುವುದನ್ನು ನೀವು ಕಂಡಿದ್ದೀರಿ. ಅಂಕಪಟ್ಟಿಯನ್ನು ನೋಡುವ ಕಂಪೆನಿಯವರು ಅಷ್ಟಕ್ಕೇ ನಿಲ್ಲಬೇಕೆಂದೇನೂ ಇಲ್ಲ. ಹುಡುಗನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಅವನು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಬರೆದದ್ದು, ನಕ್ಕದ್ದು, ಬೈದದ್ದು ಎಲ್ಲವೂ ನಿಮಿಷದೊಳಗೆ ಎದುರಿಗೆ ಬರುತ್ತದೆ.

ಕಂಬಳದ ಗದ್ದೆಯ ಬದಿಯಲ್ಲಿ ಕೋಣಗಳ ವಿಷಯಕ್ಕೆ ಎಷ್ಟು ಜೋರು ಜಗಳವಾದರೂ ಮರುದಿನ ಅದೇ ಇಬ್ಬರು ಒಂದೇ ಹೋಟೆಲಿನಲ್ಲಿ ಚಾ ಕುಡಿಯುತ್ತಾರೆ. ಬಾಯಿಮಾತು ಗಾಳಿಗೆ ಹೋಯಿತು. ಮೊಬೈಲಿನ ಮಾತು ಹಾಗಲ್ಲ. ಬರೆದವನು ಅಳಿಸಿದರೂ ಅದರ ಪ್ರತಿಯನ್ನು ಇನ್ನೊಬ್ಬ ಚಿತ್ರವಾಗಿ ತೆಗೆದಿಟ್ಟುಕೊಂಡಿರುತ್ತಾನೆ. 18ನೆಯ ವರ್ಷದಲ್ಲಿ ಸಿಟ್ಟಿನಿಂದ ಬರೆದದ್ದನ್ನು 25ನೆಯ ವರ್ಷದಲ್ಲಿ ಯಾರೋ ಎದುರಿಗಿಟ್ಟು ಕೇಳಬಹುದು.

“ಇದು ನಮ್ಮದೇ ಗುಂಪು, ಹೊರಗಿನವರಿಗೆ ಕಾಣುವುದಿಲ್ಲ” ಎಂದು ಮಕ್ಕಳು ಹೇಳುತ್ತಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ್ದ ಕೆಲವರು ಫೇಸ್‌ಬುಕ್ಕಿನಲ್ಲಿ ಒಂದು ಖಾಸಗಿ ಗುಂಪು ಕಟ್ಟಿಕೊಂಡು ಅಸಹ್ಯವಾದ ಹಾಸ್ಯ ಹಂಚಿಕೊಂಡಿದ್ದರು. 2017ರಲ್ಲಿ ಅದು ಹೊರಬಿದ್ದು ಕನಿಷ್ಠ 10 ಮಂದಿಯ ಸೀಟು ರದ್ದಾಯಿತು. ಅದೇ ದೇಶ 2019ರಿಂದ ವೀಸಾ ಕೇಳುವವರ ಖಾತೆಗಳ ಹೆಸರನ್ನು ಅರ್ಜಿಯಲ್ಲಿ ಬರೆಸಿಕೊಳ್ಳತೊಡಗಿತು. 2025ರ ಜೂನಿನಲ್ಲಿ ಓದಲು ಬರುವ ವಿದ್ಯಾರ್ಥಿಗಳು ತಮ್ಮ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ತಿಳಿಸಿತು. ಇದು ನ್ಯಾಯವೇ ಎಂದರೆ ನನಗಂತೂ ಹಾಗೆ ತೋರುವುದಿಲ್ಲ. ಆದರೆ ಸಾಲ ಮಾಡಿ ಮಗಳನ್ನು ಕಳುಹಿಸುವ ತಂದೆಗೆ ಈ ವಿಷಯ ಗೊತ್ತಿರತಕ್ಕದ್ದು.

ಅಮೆರಿಕ ದೂರವಾಯಿತು, ಕೊಲ್ಲಿ ದೇಶ ನಮಗೆ ಹತ್ತಿರ. 2019ರ ಡಿಸೆಂಬರಿನಲ್ಲಿ ಕುಂದಾಪುರ ಕಡೆಯ ಒಬ್ಬ ಕೆಲಸಗಾರನನ್ನು ಸೌದಿ ಅರೇಬಿಯಾದ ಪೊಲೀಸರು ಫೇಸ್‌ಬುಕ್ ಬರಹವೊಂದರ ಸಲುವಾಗಿ ಸೆರೆಗೆ ಹಾಕಿದರು. ಆ ಬರಹ ಆತನದ್ದಲ್ಲ, ಆತನ ಹೆಸರಿನಲ್ಲಿ ಬೇರೆಯವರು ತೆರೆದ ನಕಲಿ ಖಾತೆಯದ್ದು ಎಂದು ಉಡುಪಿ ಪೊಲೀಸರು ಪತ್ತೆ ಮಾಡಿ, 2020ರಲ್ಲಿ ನಮ್ಮ ಮೂಡುಬಿದಿರೆಯ ಇಬ್ಬರನ್ನು ಆ ಆರೋಪದ ಮೇಲೆ ಬಂಧಿಸಿದರು. ಆ ಬಡಪಾಯಿ ಊರಿಗೆ ಬಂದದ್ದು 2021ರ ಆಗಸ್ಟಿನಲ್ಲಿ. ಒಂದೂವರೆ ವರ್ಷಕ್ಕೂ ಮಿಕ್ಕಿ ಸೆರೆವಾಸ! ಬರೆಯುವ ಕೈಯಷ್ಟೇ ಅಲ್ಲ, ನಮ್ಮ ಹೆಸರು, ಭಾವಚಿತ್ರಗಳನ್ನೂ ಕಾಯಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತಿಳಿಯದು.

ಇನ್ನು ಮನೆಯಂಗಳದ ಮಾತು. 2025ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ, ಬಂಟ್ವಾಳ ತಾಲೂಕಿನಲ್ಲಿಯೂ, ಕೊಲೆಗಳಾಗಿ ಊರು ಬಿಗುವಾದಾಗ ದ್ವೇಷದ ಬರಹ ಹಾಕಿದವರ ಮೇಲೆ ಪೊಲೀಸರು ಮೊಕದ್ದಮೆ ಹೂಡಿದರು. ಇಂಥ ಬರಹವನ್ನು ತಾನು ಬರೆಯದೆ ಮುಂದಕ್ಕೆ ಕಳುಹಿಸಿದವನೂ ಸಿಕ್ಕಿಬೀಳಬಹುದು. “66ಎ ರದ್ದಾಗಿದೆಯಲ್ಲ” ಎಂದು ಓದಿದ ಹುಡುಗರು ವಾದಿಸುವುದುಂಟು. ಸುಪ್ರೀಂ ಕೋರ್ಟು ಆ ವಿಧಿಯನ್ನು 2015ರಲ್ಲಿ ರದ್ದು ಮಾಡಿದ್ದು ನಿಜ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 196ನೆಯ ವಿಧಿಯಂತೆ, ಮತ ಜಾತಿ ಭಾಷೆಗಳ ಹೆಸರಿನಲ್ಲಿ ವೈರ ಬೆಳೆಸುವ ಬರಹಕ್ಕೆ, ಅದು ಮೊಬೈಲಿನದ್ದಾದರೂ, 3 ವರ್ಷದ ವರೆಗೆ ಸಜೆಯುಂಟು.

ಸಜೆಯಾಗದಿದ್ದರೂ ಕಷ್ಟ ತಪ್ಪುವುದಿಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಮೊಕದ್ದಮೆ ಇತ್ಯರ್ಥವಾಗದೆ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯಿದೆಯಲ್ಲಿ ಅವಕಾಶವಿದೆ. ಕೋರ್ಟಿನ ಅನುಮತಿ ತರಲು ವಕೀಲರು, ವಾಯಿದೆ, ಬಸ್ಸಿನ ಖರ್ಚು. ಸೇನೆಗೋ ಪೊಲೀಸು ಇಲಾಖೆಗೋ ಸೇರುವಾಗಲೂ ನಡತೆಯ ವಿಚಾರಣೆ ನಡೆಯುತ್ತದೆ. ಕೊಲ್ಲಿ ದೇಶದಲ್ಲಿ ಕೆಲಸ ಗೊತ್ತಾದ ಹುಡುಗ ಒಂದು ರಾತ್ರಿಯ ಬರಹದಿಂದ ಬಂಟ್ವಾಳದ ಕೋರ್ಟಿನ ಜಗಲಿಯಲ್ಲಿ ಕೂರುವಂತಾದರೆ ಮೂರು ವರ್ಷದ ಫೀಸು ಏನಾಯಿತು, ನೀವೇ ಲೆಕ್ಕ ಹಾಕಿ.

ಹಾಗಾದರೆ ಮೊಬೈಲನ್ನು ಕಿತ್ತಿಡೋಣವೇ? ಖಂಡಿತ ಬೇಡ. ಮುಖ್ಯವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ ಹಾಗೆ ಮಾಡಲೇಬೇಡಿ. ಯಾರೋ ದುಷ್ಟನು ಮಗಳ ಫೋಟೋವನ್ನು ಕೆಡಿಸಿ ಹಂಚಿದರೆ ಅಪರಾಧಿ ಅವನು. ಆದರೆ ಕೆಲವು ಮನೆಗಳಲ್ಲಿ ಶಿಕ್ಷೆಯಾಗುವುದು ಅವಳಿಗೆ, ಕಾಲೇಜು ನಿಲ್ಲುತ್ತದೆ. ಆ ಹೆದರಿಕೆಯಿಂದಲೇ ಮಕ್ಕಳು ಬಾಯಿ ಬಿಡುವುದಿಲ್ಲ, ದುಷ್ಟನಿಗೆ ಬಲ ಬರುತ್ತದೆ. “ಏನಾದರೂ ಮೊದಲು ನಮಗೆ ಹೇಳು ಮಗಾ, ಕಾಲೇಜು ಬಿಡಿಸುವುದಿಲ್ಲ” ಎಂದು ಇಂದೇ ಹೇಳಿಬಿಡಿ. ಅಂಥದ್ದೇನಾದರೂ ಬಂದರೆ ಅಳಿಸದೆ, ಅದರ ಪ್ರತಿಯನ್ನಿಟ್ಟುಕೊಂಡು, 1930 ಸಂಖ್ಯೆಗೆ ಫೋನು ಮಾಡಿ ಅಥವಾ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಿ.

ನಿಮಗೆ ಮೊಬೈಲು ಅಷ್ಟಾಗಿ ಬಾರದಿದ್ದರೂ ಒಂದು ಕೆಲಸ ಮಾಡಬಹುದು. ರಾತ್ರಿ ಊಟವಾದ ಮೇಲೆ ಮಗನನ್ನೋ ಮಗಳನ್ನೋ ಕೂರಿಸಿಕೊಂಡು, ಅವರ ಹೆಸರನ್ನೂ ಕಾಲೇಜಿನ ಹೆಸರನ್ನೂ ಸೇರಿಸಿ ಹುಡುಕಿ ತೋರಿಸಲು ಹೇಳಿ. ಹೊರಗಿನವರಿಗೆ ಏನು ಕಾಣುತ್ತದೆಂದು ಅವರೇ ನೋಡಲಿ. ಹಳೆಯ ಬೈಗುಳ, ಕುಡಿತದ ಚಿತ್ರ, ಗೆಳೆಯರು ಇವರ ಹೆಸರು ಸೇರಿಸಿ ಹಾಕಿದ ಕುಚೋದ್ಯ ಇದ್ದರೆ ತೆಗೆಯಲಿ, ತೆಗೆಸಲಿ. ಖಾತೆಗೆ ಎರಡು ಹಂತದ ಬೀಗ ಹಾಕಲಿ. ಮನೆಯವರ ಫೋಟೋ ಪರಿಚಿತರಿಗೆ ಮಾತ್ರ ಕಾಣಲಿ. ತಮ್ಮ ಹೆಸರಿನ ನಕಲಿ ಖಾತೆ ಕಂಡರೆ ಆ ದಿನವೇ ದೂರು ಹೋಗಲಿ. ಅರ್ಜಿ ಹಾಕುವ ಇಮೇಲು ವಿಳಾಸ ಸಿನಿಮಾ ನಟನ ಬಿರುದಿನದ್ದಾಗಿರದೆ ಸ್ವಂತ ಹೆಸರಿನದ್ದಾಗಿರಲಿ. ತರಬೇತಿಗೆ ಹೋದ ಕಂಪೆನಿಯ ಒಳಗಿನ ಚಿತ್ರ, ಆಸ್ಪತ್ರೆಯ ರೋಗಿಯ ಚಿತ್ರ ಹಾಕಲೇಬಾರದು. ನರ್ಸಿಂಗ್ ಕಲಿಯುವವರಿಗೆ ಇದನ್ನು ಎರಡು ಸಲ ಹೇಳಿ.

ಹಾಗೆಂದು ಏನೂ ಬರೆಯದೆ ಮೂಕರಾಗಿರಬೇಕೆಂದು ನಾನು ಹೇಳುತ್ತಿಲ್ಲ. ರಸ್ತೆಯ ಹೊಂಡದ ಚಿತ್ರ ಹಾಕಿ ಪಂಚಾಯತಿಯನ್ನು ಪ್ರಶ್ನಿಸುವುದು ನಾಗರಿಕನ ಹಕ್ಕು. ನಿಜವನ್ನು ಮರ್ಯಾದೆಯ ಮಾತಿನಲ್ಲಿ, ತನ್ನ ಹೆಸರಿನಲ್ಲೇ ಬರೆಯಲಿ. ಉದ್ಯೋಗಕ್ಕೆಂದೇ ಇರುವ ಲಿಂಕ್ಡ್‌ಇನ್‌ನಂಥ ಕಡೆ ತಾನು ಕಲಿತದ್ದನ್ನು ದಾಖಲಿಸಲಿ. ಅಪ್ಪನ ತೋಟದ ಎಲೆಚುಕ್ಕಿ ರೋಗವನ್ನು ವಾರವಾರ ಗಮನಿಸಿ ಬರೆದಿಟ್ಟ ಬಿ.ಎಸ್ಸಿ. ಹುಡುಗಿಯ ಪುಟವನ್ನು ಓದಿದವರಿಗೆ ಅವಳ ಯೋಗ್ಯತೆ ಅಂಕಪಟ್ಟಿಗಿಂತ ಚೆನ್ನಾಗಿ ತಿಳಿಯುತ್ತದೆ.

ಭಾನುವಾರ ಮಕ್ಕಳು ಮನೆಯಲ್ಲಿರುತ್ತಾರೆ. ಈ ಬೀಗ ಹಾಕುವ ಕ್ರಮ ಯಾರಿಗಾದರೂ ತಿಳಿಯದಿದ್ದರೆ ಹಾಲಿನ ಸೊಸೈಟಿಯಲ್ಲಿ ಹೇಳಿಡಿ. ಆ ಕಡೆ ಬಂದಾಗ ಅರ್ಧ ಗಂಟೆ ಕುಳಿತು ತೋರಿಸಿಕೊಡುತ್ತೇನೆ.